ಹೊಸ ಕಂಪ್ಯೂಟರ್ ಮೌಂಟ್: ಮೊದಲ ರಾತ್ರಿಯನ್ನು ಧ್ರುವಾಕ್ಷಕ್ಕೇ ಮೀಸಲಿಡಿ

ದೂರದರ್ಶಕವನ್ನು ಹೊತ್ತು ತಿರುಗಿಸುವ ಕಂಪ್ಯೂಟರ್ ನಿಯಂತ್ರಿತ ಮೌಂಟ್ ಕೊಂಡವರಲ್ಲಿ ಹೆಚ್ಚಿನವರು ಪೆಟ್ಟಿಗೆ ಬಿಚ್ಚಿದ ರಾತ್ರಿಯೇ ಕ್ಯಾಮೆರಾ ಜೋಡಿಸಿ ಚಿತ್ರ ತೆಗೆಯಲು ಕೂರುತ್ತಾರೆ. ಹ್ಯಾಂಡ್ ಕಂಟ್ರೋಲರ್‌ನಲ್ಲಿ ನೀಹಾರಿಕೆಯ ಹೆಸರು ಆರಿಸಿದೊಡನೆ ಮೌಂಟ್ ತಾನಾಗಿ ತಿರುಗಿ ಅದನ್ನು ನೋಟದ ನಡುವೆ ತಂದು ನಿಲ್ಲಿಸುತ್ತದೆ. ಆದರೆ ಮೂರು ನಿಮಿಷ ಬೆಳಕು ಹಿಡಿದು ತೆಗೆದ ಚಿತ್ರ ಪರದೆಯ ಮೇಲೆ ಮೂಡಿದಾಗ ನಕ್ಷತ್ರಗಳು ಚುಕ್ಕಿಗಳಂತಿರದೆ ಅಕ್ಕಿಕಾಳಿನಂತೆ ಉದ್ದಕ್ಕೆ ಎಳೆದುಕೊಂಡಿರುತ್ತವೆ. ಮೌಂಟ್ ಕೆಟ್ಟದ್ದೆಂದು ಹಿಂದಿರುಗಿಸಲು ಹೊರಟ ಹಲವರನ್ನು ನಾನು ತಡೆದಿದ್ದೇನೆ. ಅವರಲ್ಲಿ ಹೆಚ್ಚಿನವರ ಮೌಂಟ್‌ಗಳಲ್ಲಿ ದೋಷವೇ ಇರಲಿಲ್ಲ. ಮೌಂಟಿನ ಧ್ರುವಾಕ್ಷವನ್ನು, ಅಂದರೆ ಆಕಾಶದ ಜೊತೆ ಅದು ತಿರುಗುವ ಅಕ್ಷವನ್ನು, ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ನಿಲ್ಲಿಸುವ ಕೆಲಸವನ್ನು ಐದು ನಿಮಿಷದಲ್ಲಿ ಮುಗಿಸಿಬಿಟ್ಟಿದ್ದರು.

ಈ ತಪ್ಪಿಗೆ ಕಾರಣ ಎರಡು ಬೇರೆ ಬೇರೆ ಕೆಲಸಗಳಿಗೂ 'ಅಲೈನ್‌ಮೆಂಟ್' ಎಂಬ ಒಂದೇ ಹೆಸರಿರುವುದು. ಎರಡು ಮೂರು ನಕ್ಷತ್ರಗಳನ್ನು ತೋರಿಸಿ ಕಂಪ್ಯೂಟರ್‌ಗೆ ಆಕಾಶದ ಪರಿಚಯ ಮಾಡಿಕೊಡುವುದು ಒಂದು. ಅಕ್ಷ ಓರೆಯಾಗಿದ್ದರೂ ಕಂಪ್ಯೂಟರ್ ಅದನ್ನು ಲೆಕ್ಕದಲ್ಲಿ ಸರಿದೂಗಿಸಿಕೊಂಡು ಕೇಳಿದ ಕಾಯವನ್ನು ಹುಡುಕಿಕೊಡುತ್ತದೆ. ಮೌಂಟಿನ ಲೋಹದ ಅಕ್ಷವನ್ನೇ ಕೈಯಿಂದ ಸರಿಸಿ ಖಗೋಳ ಧ್ರುವದತ್ತ, ಅಂದರೆ ಇಡೀ ಆಕಾಶ ಸುತ್ತುವಂತೆ ಕಾಣುವ ಬಿಂದುವಿನತ್ತ, ನಿಲ್ಲಿಸುವುದು ಇನ್ನೊಂದು. ಹುಡುಕಾಟ ನಿಖರವಾಗಿದೆಯೆಂದ ಮಾತ್ರಕ್ಕೆ ಅಕ್ಷವೂ ಸರಿಯಿದೆ ಎಂದು ನಂಬಬಾರದು.

ಎಷ್ಟು ತಪ್ಪಿದರೆ ಎಷ್ಟು ಕೆಡುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಭೂಮಿ ತನ್ನ ಸುತ್ತ ಒಂದು ಸುತ್ತು ಮುಗಿಸಲು 23 ಗಂಟೆ 56 ನಿಮಿಷ 4 ಸೆಕೆಂಡ್ ತೆಗೆದುಕೊಳ್ಳುವುದರಿಂದ, ಆಕಾಶ ಪ್ರತಿ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ಸರಿಯುತ್ತದೆ. ಡಿಗ್ರಿಯ ಅರವತ್ತನೇ ಒಂದು ಭಾಗ ಆರ್ಕ್‌ಮಿನಿಟ್, ಅದರ ಅರವತ್ತನೇ ಒಂದು ಭಾಗ ಆರ್ಕ್‌ಸೆಕೆಂಡ್. ಅಕ್ಷ ಧ್ರುವದಿಂದ 5 ಆರ್ಕ್‌ಮಿನಿಟ್, ಅಂದರೆ ಹುಣ್ಣಿಮೆಯ ಚಂದ್ರನ ಅಗಲದ ಆರನೇ ಒಂದರಷ್ಟು ತಪ್ಪಿದ್ದರೆ, ನಕ್ಷತ್ರ ನಿಮಿಷಕ್ಕೆ 1.3 ಆರ್ಕ್‌ಸೆಕೆಂಡ್‌ವರೆಗೆ ಉತ್ತರಕ್ಕೋ ದಕ್ಷಿಣಕ್ಕೋ ಜಾರುತ್ತದೆ. 400 ಮಿಲಿಮೀಟರ್ ನಾಭಿದೂರದ ದೂರದರ್ಶಕಕ್ಕೆ 3.76 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾ ಜೋಡಿಸಿದರೆ ಒಂದು ಪಿಕ್ಸೆಲ್ ಆಕಾಶದ ಸುಮಾರು 1.9 ಆರ್ಕ್‌ಸೆಕೆಂಡ್ ಅಗಲವನ್ನು ಹಿಡಿಯುತ್ತದೆ. ಹಾಗಾಗಿ ಮೂರು ನಿಮಿಷದ ಚಿತ್ರದಲ್ಲಿ ನಕ್ಷತ್ರ ಎರಡು ಪಿಕ್ಸೆಲ್‌ನಷ್ಟು ಜಾರಿರುತ್ತದೆ. ಇದನ್ನು ಹೇಗೋ ಸಹಿಸಬಹುದು. ಚಂದ್ರನ ಇಡೀ ಅಗಲದಷ್ಟು ತಪ್ಪಿದ್ದರೆ ಅದೇ ಮೂರು ನಿಮಿಷದಲ್ಲಿ ಹನ್ನೆರಡು ಪಿಕ್ಸೆಲ್ ಜಾರುತ್ತದೆ, ಆ ಚಿತ್ರದಿಂದ ಯಾವ ಪ್ರಯೋಜನವೂ ಇಲ್ಲ.

ಹಗಲಿನಲ್ಲಿ ಮುಗಿಸಬೇಕಾದ ಕೆಲಸ

ಟ್ರೈಪಾಡನ್ನು ಗಟ್ಟಿ ನೆಲದ ಮೇಲೆ, ಕಾಲುಗಳನ್ನು ಆದಷ್ಟು ಗಿಡ್ಡವಾಗಿಟ್ಟು ನಿಲ್ಲಿಸಿ. ಮೊದಲು ಕೌಂಟರ್‌ವೇಟ್, ಅಂದರೆ ಸಮತೋಲದ ತೂಕ, ಆಮೇಲೆ ದೂರದರ್ಶಕ ಏರಿಸಿ. ಬಿಚ್ಚುವಾಗ ಮೊದಲು ದೂರದರ್ಶಕ, ಆಮೇಲೆ ಕೌಂಟರ್‌ವೇಟ್. ಈ ಕ್ರಮ ತಪ್ಪಿದ ಪರಿಚಿತರೊಬ್ಬರ ಕೊಳವೆ ಕ್ಲಚ್ ಸಡಿಲಿಸಿದ ಕ್ಷಣದಲ್ಲಿ ಬೀಸಿಕೊಂಡು ಬಂದು ಟ್ರೈಪಾಡ್ ಕಾಲಿಗೆ ಬಡಿದು, ಅದರ ಫೋಕಸರ್ ಬಾಗಿಹೋಯಿತು. ಮೌಂಟ್ ಎಷ್ಟು ಕಿಲೋ ಹೊರುತ್ತದೆ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತದೋ ಅದರ ಅರ್ಧದಿಂದ ಮೂರನೇ ಎರಡರಷ್ಟನ್ನು ಮಾತ್ರ ಛಾಯಾಗ್ರಹಣಕ್ಕೆ ಹೇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕ್ಯಾಮೆರಾ, ಗೈಡ್ ಸ್ಕೋಪ್ (ನಕ್ಷತ್ರದ ಮೇಲೆ ಕಣ್ಣಿಡುವ ಪುಟ್ಟ ದೂರದರ್ಶಕ), ಕೇಬಲ್ ಎಲ್ಲವನ್ನೂ ಜೋಡಿಸಿದ ನಂತರವೇ ಎರಡೂ ಅಕ್ಷಗಳ ತೂಕ ಸರಿದೂಗಿಸಿ.

ವಿದ್ಯುತ್ತಿನ ವಿಷಯದಲ್ಲಿ ಜಿಪುಣತನ ಸಲ್ಲದು. ಕೆಲವು ಮೌಂಟ್‌ಗಳ ಜೊತೆ ಬರುವ, ಪೆನ್ ಸೆಲ್‌ಗಳನ್ನು ಸಾಲಾಗಿ ಕೂರಿಸುವ ಪ್ಲಾಸ್ಟಿಕ್ ಡಬ್ಬವನ್ನು ಬಳಸಲೇಬೇಡಿ. ಎರಡೂ ಮೋಟಾರ್‌ಗಳು ಒಟ್ಟಿಗೆ ವೇಗವಾಗಿ ತಿರುಗುವಾಗ ವೋಲ್ಟೇಜ್ ಕುಸಿದು, ಕಂಪ್ಯೂಟರ್ ಅದುವರೆಗೆ ಕಲಿತದ್ದನ್ನೆಲ್ಲ ಮರೆತುಬಿಡುತ್ತದೆ. 12 ವೋಲ್ಟಿನ ಒಳ್ಳೆಯ ಅಡಾಪ್ಟರ್ ಅಥವಾ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇರಲಿ.

ದಿನಾಂಕ, ಸಮಯ ಮತ್ತು ಸ್ಥಳವನ್ನು ತುಂಬುವಾಗ ಎರಡೆರಡು ಸಲ ನೋಡಿ. ಅನೇಕ ಕಂಟ್ರೋಲರ್‌ಗಳು ತಿಂಗಳನ್ನು ಮೊದಲು, ದಿನವನ್ನು ನಂತರ ಕೇಳುತ್ತವೆ. ಮಾರ್ಚ್ 5 ಎಂದುಕೊಂಡು ಮೇ 3 ಅನ್ನು ತುಂಬಿದರೆ ಕಂಪ್ಯೂಟರ್‌ನ ಆಕಾಶ ನಿಜವಾದ ಆಕಾಶಕ್ಕಿಂತ ಸುಮಾರು ನಾಲ್ಕು ಗಂಟೆ ಮುಂದೆ ಓಡಿರುತ್ತದೆ, ದೂರದರ್ಶಕ ನೆಲವನ್ನೋ ಗೋಡೆಯನ್ನೋ ನೋಡುತ್ತ ನಿಲ್ಲುತ್ತದೆ. ರೇಖಾಂಶದ ಪೂರ್ವ-ಪಶ್ಚಿಮ ಅದಲುಬದಲಾದರೂ ಹೀಗೆಯೇ ಆಗುತ್ತದೆ.

ಹಗಲಿನಲ್ಲಿ ಮಾಡಬೇಕಾದ, ಆದರೆ ಬಹುತೇಕ ಯಾರೂ ಮಾಡದ ಕೆಲಸವೊಂದಿದೆ. ಅದು ಪೋಲಾರ್ ಸ್ಕೋಪ್, ಅಂದರೆ ಮೌಂಟಿನ ಅಕ್ಷದೊಳಗೆ ಕೂರಿಸಿದ ಪುಟ್ಟ ದೂರದರ್ಶಕ, ನೇರವಾಗಿದೆಯೇ ಎಂಬ ಪರೀಕ್ಷೆ. ಸೂರ್ಯನಿಂದ ದೂರದ ದಿಕ್ಕಿನಲ್ಲಿ, ಸಾಕಷ್ಟು ದೂರದಲ್ಲಿರುವ ಗೋಪುರದ ತುದಿಯಂಥ ಒಂದು ಬಿಂದುವನ್ನು ಅದರ ಅಡ್ಡಗೆರೆಗಳು ಕೂಡುವ ಜಾಗಕ್ಕೆ ತಂದು, ಆರ್‌ಎ ಅಕ್ಷವನ್ನು (ಇದೇ ಧ್ರುವಾಕ್ಷ) ಅರ್ಧ ಸುತ್ತು ತಿರುಗಿಸಿ. ಬಿಂದು ಅಲ್ಲಿಯೇ ನಿಂತರೆ ಸರಿ. ಪಕ್ಕಕ್ಕೆ ಸರಿದಿದ್ದರೆ, ಸರಿದ ದೂರದ ಅರ್ಧವನ್ನು ಸ್ಕೋಪಿನ ಸುತ್ತಲಿನ ಮೂರು ಸಣ್ಣ ತಿರುಪುಗಳಿಂದಲೂ ಉಳಿದರ್ಧವನ್ನು ಮೌಂಟಿನ ತಿರುಪುಗಳಿಂದಲೂ ಸರಿಪಡಿಸಿ, ಮತ್ತೆ ತಿರುಗಿಸಿ ನೋಡಿ. ಮೂರು ನಾಲ್ಕು ಬಾರಿ ಮಾಡಬೇಕಾಗಬಹುದು. ಆ ತಿರುಪುಗಳನ್ನು ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೇ ತಿರುಗಿಸಬೇಡಿ; ಮೂರೂ ಸಡಿಲವಾದರೆ ಒಳಗಿನ ಗಾಜಿನ ಫಲಕ ಕಳಚಿಕೊಳ್ಳುತ್ತದೆ.

ಧ್ರುವಾಕ್ಷ ಹೊಂದಿಸುವುದು

ಕತ್ತಲಾದ ಮೇಲೆ ಕೌಂಟರ್‌ವೇಟ್ ಕೋಲು ಕೆಳಮುಖವಾಗಿ, ದೂರದರ್ಶಕ ಧ್ರುವದತ್ತ ಇರುವಂತೆ ಮೌಂಟನ್ನು ನಿಲ್ಲಿಸಿ. ಉತ್ತರಾರ್ಧಗೋಳದಲ್ಲಿ ಧ್ರುವ ನಕ್ಷತ್ರವೇ ಗುರುತು. ನಿಮ್ಮ ಊರಿನ ಅಕ್ಷಾಂಶ ಎಷ್ಟೋ ಅಷ್ಟೇ ಡಿಗ್ರಿ ಎತ್ತರದಲ್ಲಿ ಧ್ರುವವಿರುತ್ತದೆ. ದಿಕ್ಕು ಹಿಡಿಯಲು ಮೌಂಟಿನ ಪಕ್ಕದಲ್ಲೇ ದಿಕ್ಸೂಚಿ ಇಡಬೇಡಿ. ಉಕ್ಕಿನ ಟ್ರೈಪಾಡ್ ಅದರ ಮುಳ್ಳನ್ನು ಸೆಳೆಯುತ್ತದೆ, ಮೇಲಾಗಿ ಕಾಂತೀಯ ಉತ್ತರವೂ ನಿಜವಾದ ಉತ್ತರವೂ ಒಂದೇ ಅಲ್ಲ. ಟ್ರೈಪಾಡ್ ಮಟ್ಟವಾಗಿರುವುದು ನಿಖರತೆಗೆ ಅನಿವಾರ್ಯವಲ್ಲದಿದ್ದರೂ, ಮಟ್ಟವಿದ್ದರೆ ಎತ್ತರದ ತಿರುಪನ್ನು ಮುಟ್ಟಿದಾಗ ದಿಕ್ಕು ಕದಲುವುದಿಲ್ಲ. ಹಾಗಾಗಿ ಅದಕ್ಕೆ ಎರಡು ನಿಮಿಷ ಕೊಡಿ.

ಈಗ ಪೋಲಾರ್ ಸ್ಕೋಪಿನಲ್ಲಿ ಕಣ್ಣಿಡಿ. ಧ್ರುವ ನಕ್ಷತ್ರವನ್ನು ಅಡ್ಡಗೆರೆಗಳ ನಡುವೆ ಕೂರಿಸಿ ಎದ್ದುಬಿಡುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು. ಧ್ರುವ ನಕ್ಷತ್ರ ನಿಜವಾದ ಧ್ರುವದಲ್ಲಿಲ್ಲ. ಅದು ಅಲ್ಲಿಂದ ಡಿಗ್ರಿಯ ಮೂರನೇ ಎರಡರಷ್ಟು ದೂರದಲ್ಲಿ, ಅಂದರೆ ಚಂದ್ರನ ಅಗಲಕ್ಕಿಂತಲೂ ಹೆಚ್ಚು ಅಂತರದಲ್ಲಿ, ದಿನಕ್ಕೊಮ್ಮೆ ಧ್ರುವವನ್ನು ಸುತ್ತುತ್ತದೆ. ಸ್ಕೋಪಿನೊಳಗೆ ಕೆಂಪು ಬೆಳಕಿನಲ್ಲಿ ಕಾಣುವ ವೃತ್ತ ಈ ಸುತ್ತಿನ ದಾರಿಯೇ. ಆ ಗಳಿಗೆಯಲ್ಲಿ ನಕ್ಷತ್ರ ವೃತ್ತದ ಯಾವ ಜಾಗದಲ್ಲಿರಬೇಕೆಂದು ಮೊಬೈಲ್ ಆ್ಯಪ್ ಗಡಿಯಾರದ ಮುಳ್ಳಿನಂತೆ ತೋರಿಸುತ್ತದೆ. ಪೋಲಾರ್ ಸ್ಕೋಪಿನ ನೋಟ ತಲೆಕೆಳಗಾಗಿರುತ್ತದೆ, ಆದ್ದರಿಂದ ಆ್ಯಪಿನಲ್ಲಿಯೂ ತಲೆಕೆಳಗಾದ ನೋಟವನ್ನೇ ಆರಿಸಿಕೊಳ್ಳಬೇಕು. ದಕ್ಷಿಣಾರ್ಧಗೋಳದವರ ಕೆಲಸ ಇನ್ನೂ ಕಷ್ಟದ್ದು. ಅವರಿಗೆ ಗುರುತಾಗಿರುವ ಸಿಗ್ಮಾ ಆಕ್ಟಾಂಟಿಸ್ ಬರಿಗಣ್ಣಿಗೆ ಕಾಣುವ ಮಿತಿಗೆ ಹತ್ತಿರದ ಮಂದ ನಕ್ಷತ್ರ.

ತಿರುಪುಗಳನ್ನು ತಿರುಗಿಸುವ ರೀತಿಯಲ್ಲಿ ಎಚ್ಚರವಿರಲಿ. ದಿಕ್ಕಿನ ಎರಡು ತಿರುಪುಗಳು ಎದುರುಬದುರಾಗಿ ಒಂದೇ ಗೂಟವನ್ನು ಒತ್ತಿ ಹಿಡಿದಿರುತ್ತವೆ. ಒಂದನ್ನು ಸಡಿಲಿಸಿದ ನಂತರವೇ ಇನ್ನೊಂದನ್ನು ಬಿಗಿಯಬೇಕು. ಎರಡನ್ನೂ ಒತ್ತಾಯದಿಂದ ತಿರುಗಿಸಿದರೆ ಗೂಟ ಬಾಗುತ್ತದೆ. ಎತ್ತರವನ್ನು ಹೊಂದಿಸುವಾಗ ಕೊನೆಯ ಚಲನೆ ಯಾವಾಗಲೂ ಕೆಳಗಿನಿಂದ ಮೇಲಕ್ಕೆ, ಭಾರದ ವಿರುದ್ಧವಾಗಿ ಇರಬೇಕು. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಭಾರ ನಿಧಾನವಾಗಿ ಕುಸಿದು, ಅರ್ಧ ಗಂಟೆಯಲ್ಲಿ ನಕ್ಷತ್ರ ವೃತ್ತದಿಂದ ಹೊರಗಿರುತ್ತದೆ. ಎಲ್ಲವೂ ಸರಿಯಾದ ಮೇಲೆ ಟ್ರೈಪಾಡಿನ ನಡುವಿನ ಬೋಲ್ಟನ್ನು ಬಿಗಿಯುವಾಗ ಕಣ್ಣನ್ನು ಸ್ಕೋಪಿನಿಂದ ತೆಗೆಯಬೇಡಿ. ಆ ಕೊನೆಯ ಬಿಗಿತದಲ್ಲಿಯೇ ನಕ್ಷತ್ರ ವೃತ್ತದ ಗೆರೆಯಿಂದ ಕೂದಲೆಳೆಯಷ್ಟು ಪಕ್ಕಕ್ಕೆ ಜರುಗುವುದು ಕಾಣುತ್ತದೆ. ನಾನು ಬಿಗಿದು, ಜರುಗಿದಷ್ಟನ್ನು ಮತ್ತೆ ಹೊಂದಿಸಿ, ಮತ್ತೆ ಬಿಗಿಯುತ್ತೇನೆ.

ಲ್ಯಾಪ್‌ಟಾಪ್ ಇರುವವರು ಚಿತ್ರದಲ್ಲಿನ ನಕ್ಷತ್ರಗಳನ್ನು ಗುರುತಿಸಿ ದೂರದರ್ಶಕ ನೋಡುತ್ತಿರುವ ಜಾಗವನ್ನು ಲೆಕ್ಕ ಹಾಕುವ ಪ್ಲೇಟ್ ಸಾಲ್ವಿಂಗ್ ವಿಧಾನವನ್ನು ಬಳಸಬಹುದು. ಆಕಾಶದ ಮೂರು ಕಡೆ ಚಿತ್ರ ತೆಗೆದು ಅಕ್ಷದ ತಪ್ಪನ್ನು ಲೆಕ್ಕ ಹಾಕುವ ಸೌಲಭ್ಯ ನೀನಾ (N.I.N.A.) ಎಂಬಂಥ ಉಚಿತ ತಂತ್ರಾಂಶಕ್ಕೆ ಸಿಗುತ್ತದೆ, ಅದಕ್ಕೆ ಧ್ರುವ ನಕ್ಷತ್ರ ಕಾಣಲೇಬೇಕೆಂದಿಲ್ಲ. ಮನೆಯೋ ಮರವೋ ಉತ್ತರವನ್ನು ಮರೆಮಾಡಿರುವ ಅಂಗಳಕ್ಕೆ ಇದಕ್ಕಿಂತ ಒಳ್ಳೆಯ ಅಡ್ಡದಾರಿ ಇಲ್ಲ. ಸಮಭಾಜಕಕ್ಕೆ ಹತ್ತಿರದವರು ಒಂದು ಮಾತು ಗಮನಿಸಬೇಕು. ದಿಗಂತದಿಂದ 10 ಡಿಗ್ರಿ ಎತ್ತರದಲ್ಲಿ ವಾಯುಮಂಡಲದ ವಕ್ರೀಭವನ ನಕ್ಷತ್ರವನ್ನು 5 ಆರ್ಕ್‌ಮಿನಿಟ್‌ನಷ್ಟು ಮೇಲಕ್ಕೆತ್ತಿ ತೋರಿಸುತ್ತದೆ. ತಂತ್ರಾಂಶದಲ್ಲಿ ಅದರ ತಿದ್ದುಪಡಿ ಇದ್ದರೆ ಚಾಲೂ ಮಾಡಿಕೊಳ್ಳಿ.

ಯಾವ ವಿಧಾನ ಬಳಸಿದರೂ ಮೊದಲ ರಾತ್ರಿ ನಕ್ಷತ್ರದ ಜಾರುವಿಕೆಯನ್ನು ಗಮನಿಸುವ ಹಳೆಯ ಡ್ರಿಫ್ಟ್ ವಿಧಾನದಿಂದ ಒಮ್ಮೆ ಪರೀಕ್ಷಿಸಿ ನೋಡಿ. ಅದರಲ್ಲಿ ನಂಬಬೇಕಾದದ್ದು ನಕ್ಷತ್ರವನ್ನು ಮಾತ್ರ. ಖಗೋಳ ಸಮಭಾಜಕದ (ಭೂಮಿಯ ಸಮಭಾಜಕದ ನೇರಕ್ಕೆ ಆಕಾಶದಲ್ಲಿ ಕಲ್ಪಿಸಿಕೊಂಡ ರೇಖೆ) ಹತ್ತಿರ, ನೆತ್ತಿಯ ಮೇಲಿನ ಉತ್ತರ-ದಕ್ಷಿಣ ರೇಖೆಯ ಬಳಿ ಇರುವ ನಕ್ಷತ್ರವೊಂದನ್ನು ಹಿಡಿದು ಐದು ನಿಮಿಷ ಗಮನಿಸಿ. ಪೂರ್ವ-ಪಶ್ಚಿಮದ ಅಲುಗಾಟವನ್ನು ಲೆಕ್ಕಿಸಬೇಡಿ. ಉತ್ತರಾರ್ಧಗೋಳದಲ್ಲಿ ನಕ್ಷತ್ರ ದಕ್ಷಿಣಕ್ಕೆ ಜಾರಿದರೆ ಅಕ್ಷ ಧ್ರುವಕ್ಕಿಂತ ಪೂರ್ವಕ್ಕಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕಿದೆ. ಆಮೇಲೆ ಪೂರ್ವದಲ್ಲಿ ತಗ್ಗಿನಲ್ಲಿರುವ ನಕ್ಷತ್ರವನ್ನು ಹಿಡಿಯಿರಿ. ಅದು ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ, ಉತ್ತರಕ್ಕೆ ಜಾರಿದರೆ ಎತ್ತರವಾಗಿದೆ. ಕತ್ತಲಲ್ಲಿ ಈ ನಿಯಮ ಮರೆತುಹೋದರೆ ಚಿಂತೆಯಿಲ್ಲ. ತಿರುಪನ್ನು ಸ್ವಲ್ಪ ತಿರುಗಿಸಿ, ಜಾರುವಿಕೆ ಹೆಚ್ಚಿದರೆ ಎದುರು ದಿಕ್ಕಿಗೆ ತಿರುಗಿಸಿದರಾಯಿತು.

ಉಳಿದದ್ದು

ನಕ್ಷತ್ರ ತೋರಿಸುವ ಅಲೈನ್‌ಮೆಂಟ್ ಈಗ ಮಾಡಿ. ಲುಬ್ಧಕ, ರೋಹಿಣಿ, ಸ್ವಾತಿ, ಅಭಿಜಿತ್ ಇಂಥ ಪ್ರಕಾಶಮಾನ ನಕ್ಷತ್ರಗಳನ್ನು ಆರಿಸಿ, ಕಂಟ್ರೋಲರ್ ಹೇಳುವ ಎರಡು ಗುಂಡಿಗಳಿಂದಲೇ ಕೊನೆಯ ಚಲನೆ ಮುಗಿಸಿ. ಫೋಕಸ್‌ಗೆ ಬಾಹ್ತಿನೋವ್ ಮುಖವಾಡ, ಅಂದರೆ ದೂರದರ್ಶಕದ ಬಾಯಿಗೆ ಹಾಕುವ ಸೀಳುಗಳಿರುವ ಮುಚ್ಚಳ, ಬಳಸಿ, ಕಣ್ಣಳತೆಯನ್ನು ನಂಬಬೇಡಿ.

ಮೌಂಟಿನ ಗುಣ ಅರಿಯಲು ಗೈಡಿಂಗ್ ಇಲ್ಲದೆ, ಅಂದರೆ ಗೈಡ್ ಸ್ಕೋಪಿನಲ್ಲಿ ಒಂದು ನಕ್ಷತ್ರವನ್ನು ಗಮನಿಸುತ್ತ ಮೌಂಟನ್ನು ತಿದ್ದುವ ವ್ಯವಸ್ಥೆ ಇಲ್ಲದೆ, 30 ಸೆಕೆಂಡಿನ 40 ಚಿತ್ರಗಳನ್ನು ಒಂದೇ ಜಾಗದಲ್ಲಿ ತೆಗೆದು, ಪರದೆಯ ಮೇಲೆ ಒಂದರ ಹಿಂದೊಂದು ಬೇಗ ಬೇಗ ಹಾಯಿಸಿ ನೋಡಿ. ನಕ್ಷತ್ರಗಳು ಉತ್ತರಕ್ಕೋ ದಕ್ಷಿಣಕ್ಕೋ ಒಂದೇ ಸಮನೆ ಸಾಗುತ್ತಿದ್ದರೆ ಧ್ರುವಾಕ್ಷಕ್ಕೆ ಮರಳಬೇಕು. ಪೂರ್ವ-ಪಶ್ಚಿಮವಾಗಿ ಉಯ್ಯಾಲೆಯಂತೆ ಹೋಗಿ ಬರುತ್ತಿದ್ದರೆ ಅದು ಅಕ್ಷವನ್ನು ತಿರುಗಿಸುವ ವರ್ಮ್ ಗೇರಿನ (ತಿರುಪಿನಾಕಾರದ ಗೇರು) ಆವರ್ತಕ ದೋಷ. 180 ಹಲ್ಲಿನ ಗೇರಿನಲ್ಲಿ ಸುಮಾರು 479 ಸೆಕೆಂಡಿಗೊಮ್ಮೆ ಇದು ಮರುಕಳಿಸುತ್ತದೆ, ಗೇರಿರುವ ಎಲ್ಲ ಮೌಂಟ್‌ಗಳಲ್ಲಿಯೂ ಅಷ್ಟಿಷ್ಟು ಇರುತ್ತದೆ. ಇದನ್ನು ಗೈಡಿಂಗ್ ಸರಿಪಡಿಸುತ್ತದೆ. ಕೌಂಟರ್‌ವೇಟ್ ಬೇಡದ ಹಗುರವಾದ ಸ್ಟ್ರೇನ್ ವೇವ್ (ಬಾಗುವ ಗೇರಿನ) ಮೌಂಟ್‌ಗಳಲ್ಲಿ ಈ ಉಯ್ಯಾಲೆ ದೊಡ್ಡದು; ಅವನ್ನು ಕೊಂಡವರಿಗೆ ಗೈಡಿಂಗ್ ಕಡ್ಡಾಯವೆಂದೇ ತಿಳಿಯಬೇಕು. ಆದರೆ ಓರೆಯಾದ ಅಕ್ಷಕ್ಕೆ ಗೈಡಿಂಗ್ ಪರಿಹಾರವಲ್ಲ. ಗೈಡ್ ನಕ್ಷತ್ರ ಅಲುಗದೆ ನಿಂತರೂ ಉಳಿದ ನಕ್ಷತ್ರಗಳು ಅದರ ಸುತ್ತ ನಿಧಾನವಾಗಿ ತಿರುಗಿ, ಚಿತ್ರದ ಮೂಲೆಗಳು ಕೆಡುತ್ತವೆ.

ಈ ಪರೀಕ್ಷೆ ಪಾಸಾದ ಮೇಲೆ ಬೇಕಾದರೆ ಕೃತ್ತಿಕೆಯನ್ನೋ ಮಹಾವ್ಯಾಧನ ನೀಹಾರಿಕೆಯನ್ನೋ ಹಿಡಿಯಿರಿ, ಎರಡೂ ಪ್ರಕಾಶಮಾನವಾಗಿದ್ದು ಕಡಿಮೆ ಅವಧಿಯಲ್ಲಿಯೇ ಚಿತ್ರ ಕೊಡುತ್ತವೆ. ಎತ್ತಿಡುವ ಮೊದಲು ಟ್ರೈಪಾಡಿನ ಮೂರು ಕಾಲುಗಳು ನಿಂತ ಜಾಗಕ್ಕೆ ಬಣ್ಣದಿಂದ ಗುರುತು ಹಾಕಿ, ಯಾವ ಗುರುತಿಗೆ ಯಾವ ಕಾಲು ಎಂಬುದನ್ನೂ ಬರೆದಿಡಿ. ಎತ್ತರದ ತಿರುಪನ್ನು ಸಡಿಲಿಸದೆ ಹಾಗೆಯೇ ಬಿಟ್ಟರೆ, ಮರುದಿನ ಧ್ರುವ ನಕ್ಷತ್ರ ಪೋಲಾರ್ ಸ್ಕೋಪಿನ ನೋಟದೊಳಗೇ ಸಿಗುತ್ತದೆ.