ಅನ್‌ಕಾನ್‌ಸ್ಟಿಟ್ಯೂಷನಲ್: ಎಲ್ಲಿ ಒಡೀಬೇಕು, ಎಲ್ಲಿ ಒತ್ತಬೇಕು

ಟಿವಿ ಡಿಬೇಟ್‌ಗಳಲ್ಲಿ ದಿನಾ ಕಿವಿಗೆ ಬೀಳೋ ಪದ ಇದು, ಆದ್ರೂ ಹೇಳೋಕೆ ಹೋದ್ರೆ ಅರ್ಧ ಜನಕ್ಕೆ ನಾಲಿಗೆ ತೊಡರುತ್ತೆ, ಯಾಕಂದ್ರೆ ನಾವು ಎಲ್ಲಾ ಅಕ್ಷರಕ್ಕೂ ಸಮ ತೂಕ ಕೊಟ್ಟು ಓದ್ತೀವಿ. ಕನ್ನಡದಲ್ಲಿ ಅದು ನಡೆಯುತ್ತೆ, ನಮಗೆ ಗುರು ಲಘು ಅಂದ್ರೆ ಎಷ್ಟು ಹೊತ್ತು ಹಿಡೀತೀವಿ ಅನ್ನೋ ಲೆಕ್ಕ. ಇಂಗ್ಲಿಷಲ್ಲಿ ಯಾವುದನ್ನ ಒತ್ತಿ ಹೇಳ್ತೀರಿ ಅನ್ನೋದೇ ಮುಖ್ಯ.

ಮೊದ್ಲು ಸಿಲಬಲ್, ಅಂದ್ರೆ ಒಂದೇ ಸಲಕ್ಕೆ ಬಾಯಲ್ಲಿ ಬರೋ ಸದ್ದಿನ ತುಂಡುಗಳನ್ನ ಎಣಿಸಿ, ಆದ್ರೆ ಸ್ಪೆಲಿಂಗ್ ನೋಡ್ಕೊಂಡು ಅಲ್ಲ. ಬರೆಯುವಾಗ ಇದ್ರಲ್ಲಿ 7 ಸ್ವರ ಇದೆ, ಬಾಯಲ್ಲಿ ಬರೋದು ಆರೇ, ಕೊನೆ ಹತ್ರ ಇರೋ ಐ ಮತ್ತು ಓ ಸೇರಿ ಒಂದೇ ಸದ್ದು. ಅನ್-ಕಾನ್-ಸ್ಟಿ-ಟ್ಯೂ-ಷ-ನಲ್.

ಒತ್ತು ನಾಲ್ಕನೇದ್ರ ಮೇಲೆ, ಟ್ಯೂ. ಇದನ್ನ ಬಾಯಿಪಾಠ ಮಾಡೋದೇನೂ ಬೇಡ, ಷನ್ ಅಂತ ಮುಗಿಯೋ ಪದಗಳಲ್ಲಿ ಒತ್ತು ಅದರ ಹಿಂದಿನ ಸಿಲಬಲ್‌ಗೇ ಹೋಗುತ್ತೆ: ಎಜುಕೇಷನ್‌ನಲ್ಲಿ ಕೇ, ಇನ್ಫರ್ಮೇಷನ್‌ನಲ್ಲಿ ಮೇ. ಮುಂದೆ ಅಲ್ ಸೇರಿದ್ರೂ ಜಾಗ ಬದಲಾಗಲ್ಲ. ನಮ್ಮಲ್ಲಿ ಮಕ್ಕಳನ್ನ ಕಳಿಸ್ತೀವಲ್ಲ ಟ್ಯೂಷನ್, ಅದು ಈ ಪದದ ಮಧ್ಯದಲ್ಲೇ ಕೂತಿದೆ, ಅಲ್ಲಿ ಜೋರು ಮಾಡಿ ಅಷ್ಟೆ. ಅನ್, ಕಾನ್ ಎರಡಕ್ಕೂ ಸ್ವಲ್ಪ ಒತ್ತು ಇದೆ, ಡಿಕ್ಷನರಿಯಲ್ಲಿ ಅವುಗಳ ಮುಂದೆ ಕೆಳಗಡೆ ಸಣ್ಣ ಗೀಟು ಹಾಕಿರ್ತಾರೆ, ಮೇನ್ ಒತ್ತಿಗೆ ಗೀಟು ಮೇಲ್ಗಡೆ. ಕೊನೆಯ ನಲ್ ಅನ್ನ ನಾಲ್ ಅಂತ ಎಳೀಬೇಡಿ, ನುಂಗಿಬಿಡಿ.

ಇನ್ನು ಪದ ಕಟ್ಟಿರೋ ರೀತಿ. ಕಾನ್‌ಸ್ಟಿಟ್ಯೂಟ್ ಕ್ರಿಯಾಪದ, ಅದ್ರಲ್ಲಿ ಒತ್ತು ಮೊದಲ ಕಾನ್ ಮೇಲೆ. ಷನ್ ಸೇರಿ ನಾಮಪದ ಆಯ್ತು, ಒತ್ತು ಟ್ಯೂಗೆ ಜಾರ್ತು. ಅಲ್ ಸೇರಿ ಅಡ್ಜೆಕ್ಟಿವ್ ಆಯ್ತು. ಅನ್ ಅಂಟಿದ್ದು ಕಟ್ಟಕಡೆಗೆ, ಯಾಕಂದ್ರೆ ಅನ್‌ಕಾನ್‌ಸ್ಟಿಟ್ಯೂಷನ್ ಅನ್ನೋ ಪದಾನ ಯಾರೂ ಬಳಸಲ್ಲ, ಹಾಗಾಗಿ ಅದು ಅಂಟ್ಕೊಂಡಿರೋದು ಅಡ್ಜೆಕ್ಟಿವ್‌ಗೇ ಇರಬೇಕು.

ಪ್ರಾಕ್ಟೀಸ್ ಹಿಂದಿನಿಂದ ಮಾಡಿ, ನಿಜವಾಗ್ಲೂ ಸುಲಭ: ಟ್ಯೂಷನಲ್, ಸ್ಟಿಟ್ಯೂಷನಲ್, ಕಾನ್‌ಸ್ಟಿಟ್ಯೂಷನಲ್, ಆಮೇಲೆ ಅನ್. ಕೊನೆಗೆ ಲೀ ಸೇರಿಸಿ ಹೇಳಿದ್ರೂ ಒತ್ತು ಅಲ್ಲೇ ಇರುತ್ತೆ. ಆದ್ರೆ ಕಾನ್‌ಸ್ಟಿಟ್ಯೂಷನ್ಯಾಲಿಟಿ ಅನ್ನುವಾಗ ಹುಷಾರು, ಇಟಿ ಸೇರಿದ ತಕ್ಷಣ ಒತ್ತು ಟ್ಯೂ ಬಿಟ್ಟು ನ್ಯಾಗೆ ಹಾರುತ್ತೆ, ಎಲೆಕ್ಟ್ರಿಕ್ ಹೋಗಿ ಎಲೆಕ್ಟ್ರಿಸಿಟಿ ಆದಾಗ ಲೆಕ್ ಇಂದ ಟ್ರಿಗೆ ಹೋಗುತ್ತಲ್ಲ, ಅದೇ ರೂಲು.