ಬೇರೆ ಒಲೆ ಹೂಡಿದ ಸೂಜಿ ಕಂಪನಿ: ಎಂಬೆಕ್ಟಾ ಷೇರನ್ನು ನಾನು ತೂಗಿದ ಬಗೆ

ಮನೆ ಪಾಲಾಗಿ ಬೇರೆ ಒಲೆ ಹೂಡಿದವರಿಗೆ ಜಮೀನು ಅಷ್ಟೇ, ಬೆಳೆಯೂ ಅಷ್ಟೇ. ಆದರೆ ಖರ್ಚು ಮೊದಲ ತಿಂಗಳಿಂದಲೇ ಬೇರೆ. ದೊಡ್ಡ ಸಂಸ್ಥೆಯಿಂದ ಹೊರಬಂದ ವೈದ್ಯಕೀಯ ಉಪಕರಣ ಕಂಪನಿಯ ಷೇರು ನೋಡುವಾಗ ನಾನು ಮೊದಲು ಹುಡುಕುವುದು ಈ ಹೊಸ ಒಲೆಯ ಖರ್ಚನ್ನೇ. ಮಾರುಕಟ್ಟೆ ಎಷ್ಟು ದೊಡ್ಡದು, ಮಧುಮೇಹಿಗಳು ಎಷ್ಟು ಹೆಚ್ಚುತ್ತಿದ್ದಾರೆ ಎಂಬುದೆಲ್ಲ ಆಮೇಲಿನ ಮಾತು.

ಅಮೆರಿಕದ ಬೆಕ್ಟನ್ ಡಿಕಿನ್ಸನ್, ಅಂದರೆ ಎಲ್ಲರೂ ಬಿಡಿ ಎನ್ನುವ ಕಂಪನಿ, 2022ರ ಏಪ್ರಿಲ್ 1ರಂದು ತನ್ನ ಮಧುಮೇಹ ವಿಭಾಗವನ್ನು ಎಂಬೆಕ್ಟಾ ಎಂಬ ಹೆಸರಿನಲ್ಲಿ ಬೇರ್ಪಡಿಸಿತು. ಬಿಡಿಯ ಪ್ರತಿ 5 ಷೇರಿಗೆ ಎಂಬೆಕ್ಟಾದ 1 ಷೇರು. ಒಟ್ಟು ಸುಮಾರು 5.7 ಕೋಟಿ ಷೇರುಗಳು ಅಮೆರಿಕದ ನ್ಯಾಸ್‌ಡಾಕ್ ಷೇರುಪೇಟೆಯಲ್ಲಿ ನೋಂದಾಯಿತವಾದವು. ಸರಕು ಸರಳ: ಇನ್ಸುಲಿನ್ ಪೆನ್ನಿಗೆ ತಿರುಗಿಸಿ ಹಾಕುವ ಸೂಜಿ, ಇನ್ಸುಲಿನ್ ಸಿರಿಂಜು, ಕೈಗೆ ಚುಚ್ಚದಂತೆ ಮುಚ್ಚಿಕೊಳ್ಳುವ ಸುರಕ್ಷಾ ಸೂಜಿ. ಕಾರ್ಖಾನೆಗಳು ಐರ್ಲೆಂಡಿನ ಡನ್ ಲಿಯರಿ, ನೆಬ್ರಾಸ್ಕಾದ ಹೋಲ್ಡ್‌ರೆಜ್ ಮತ್ತು ಚೀನಾದ ಸುಝೌನಲ್ಲಿವೆ. ಲೆಕ್ಕದ ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ.

ಷೇರು ಪೇಟೆಗೆ ಬರುವ ಮೊದಲೇ ಇಂಥ ಕಂಪನಿ ಅಮೆರಿಕದ ಷೇರುಪೇಟೆ ನಿಯಂತ್ರಕರ ಬಳಿ ಫಾರ್ಮ್ 10 ಸಲ್ಲಿಸುತ್ತದೆ. ನೂರಾರು ಪುಟದ ಆ ದಾಖಲೆಯನ್ನು ಮೊದಲ ಪುಟದಿಂದ ಓದುವವರು ಅರ್ಧದಲ್ಲೇ ನಿದ್ದೆ ಹೋಗುತ್ತಾರೆ. ನಾನು ಮೂರು ಕಡೆ ತೆರೆಯುತ್ತೇನೆ: ಹೊಸ ಕಂಪನಿಯ ತಲೆಗೆ ಕಟ್ಟಿದ ಸಾಲದ ಪಟ್ಟಿ, ಬೇರ್ಪಟ್ಟ ಮೇಲೆ ಹೀಗಿರಬಹುದು ಎಂದು ತೋರಿಸುವ ಅಂದಾಜು ಲಾಭ-ನಷ್ಟ ಪಟ್ಟಿ, ಮಾತೃಸಂಸ್ಥೆಯ ಜೊತೆಗಿನ ಒಪ್ಪಂದಗಳು. ಕಾರ್ಯತಂತ್ರದ ಬಣ್ಣದ ಪುಟಗಳನ್ನು ಕೊನೆಗೆ ಓದಿದರೂ ನಷ್ಟವಿಲ್ಲ.

ಸಾಲದಿಂದಲೇ ಶುರು ಮಾಡೋಣ. ಎಂಬೆಕ್ಟಾ ಹುಟ್ಟಿದಾಗಲೇ 165 ಕೋಟಿ ಡಾಲರ್ ಸಾಲವಿತ್ತು. ಅದರಲ್ಲಿ 95 ಕೋಟಿ ಬದಲಾಗುವ ಬಡ್ಡಿಯ ಅವಧಿ ಸಾಲ, 50 ಕೋಟಿ 5% ಬಾಂಡು, 20 ಕೋಟಿ 6.75% ಬಾಂಡು. ಈ ಸಾಲ ಎತ್ತಿದ್ದು ಹೊಸ ಯಂತ್ರಕ್ಕಲ್ಲ. ಬಹುಪಾಲು ಬಿಡಿಯ ಕೈಗೆ ಹೋಯಿತು. ಅಣ್ಣನ ಸಾಲ ತಮ್ಮನ ಪಾಲಿಗೆ ಬರೆದ ಹಾಗೆ. ಪರಿಣಾಮವಾಗಿ ಷೇರುದಾರರ ಬಂಡವಾಳ ಶೂನ್ಯಕ್ಕಿಂತ ಕೆಳಗಿತ್ತು. ಪುಸ್ತಕ ಮೌಲ್ಯಕ್ಕೆ ಎಷ್ಟು ಪಟ್ಟು ಬೆಲೆ, ಬಂಡವಾಳದ ಮೇಲೆ ಎಷ್ಟು ಪ್ರತಿಫಲ ಎಂಬ ಅಳತೆಗಳು ಇಲ್ಲಿ ಕೆಲಸ ಮಾಡುವುದಿಲ್ಲ. ಷೇರು ಜಾಲಾಡುವ ತಂತ್ರಾಂಶಗಳು ಇಂಥ ಕಂಪನಿಯನ್ನು ಸುಮ್ಮನೆ ಹೊರಗೆ ಬಿಟ್ಟುಬಿಡುತ್ತವೆ.

ಬಡ್ಡಿಯನ್ನು ಎರಡು ಸಲ ಲೆಕ್ಕ ಹಾಕಬೇಕು, ಇಂದಿನ ದರದಲ್ಲಿ ಒಮ್ಮೆ, ಕೆಟ್ಟ ದರದಲ್ಲಿ ಒಮ್ಮೆ. ಬಾಂಡುಗಳದು ಸ್ಥಿರ: 2.5 ಕೋಟಿ ಮತ್ತು 1.35 ಕೋಟಿ. ಅವಧಿ ಸಾಲಕ್ಕೆ ಮೂಲ ದರದ ಮೇಲೆ 3% ಸೇರುತ್ತದೆ, ಮೂಲ ದರವನ್ನು 0.5%ಕ್ಕಿಂತ ಕೆಳಗೆ ಎಣಿಸುವಂತಿಲ್ಲ. 2022ರ ಏಪ್ರಿಲ್‌ನಲ್ಲಿ ಇದು 3.5%, ಅಂದರೆ ವರ್ಷಕ್ಕೆ ಸುಮಾರು 3.3 ಕೋಟಿ, ಒಟ್ಟು ಬಡ್ಡಿ 7.2 ಕೋಟಿ. ಮೂಲ ದರ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ದರದ ಬೆನ್ನಿಗೇ ಸಾಗುತ್ತದೆ, ಆ ಬ್ಯಾಂಕು ಆಗಷ್ಟೇ ದರ ಏರಿಸಲು ಶುರುಮಾಡಿತ್ತು. 2023ರ ಜುಲೈ ಹೊತ್ತಿಗೆ ಅದರ ದರ 5.25–5.5% ಮುಟ್ಟಿತು. ಅದೇ ಲೆಕ್ಕ ಹಾಕಿದರೆ ಅವಧಿ ಸಾಲದ ಬಡ್ಡಿ 7.9 ಕೋಟಿ, ಒಟ್ಟು 11.7 ಕೋಟಿ. ದರ 1% ಏರಿದರೆ 95 ಲಕ್ಷ ಡಾಲರ್ ಹೆಚ್ಚು ಹೊರೆ: ಈ ಒಂದು ಸಾಲನ್ನು ಹಾಳೆಯ ಮೇಲ್ತುದಿಯಲ್ಲೇ ಬರೆದಿಟ್ಟುಕೊಳ್ಳಿ.

ಸಾಲವನ್ನು ಷೇರಿಗೆ ಹಂಚಿದರೆ ಪ್ರತಿ ಷೇರಿನ ಬೆನ್ನಿಗೆ ಸುಮಾರು 29 ಡಾಲರ್. ಆರಂಭದ ವಾರಗಳಲ್ಲಿ ಷೇರಿನ ಬೆಲೆಯೂ 30ರ ಆಸುಪಾಸಿನಲ್ಲೇ ಇತ್ತು. ಅಂದರೆ ವ್ಯವಹಾರದ ಒಟ್ಟು ಮೌಲ್ಯದಲ್ಲಿ ಅರ್ಧ ಸಾಲಗಾರರದು, ಅರ್ಧ ನಮ್ಮದು. ಮೌಲ್ಯ 10% ಇಳಿದರೆ ನಮ್ಮ ಪಾಲು ಸುಮಾರು 20% ಇಳಿಯುತ್ತದೆ. ಬೆಲೆ ಲಾಭದ ಎಷ್ಟು ಪಟ್ಟು ಎಂದಷ್ಟೇ ನೋಡಿ ಷೇರು ಅಗ್ಗ ಎನ್ನುವವರು ಈ ಹಂಚಿಕೆಯನ್ನು ಮಾಡಿಯೇ ಇರುವುದಿಲ್ಲ.

ಹಳೆಯ ಲಾಭವನ್ನು ನಂಬಬಾರದು ಎಂಬುದಕ್ಕೆ ಎಂಬೆಕ್ಟಾದಷ್ಟು ಸ್ಪಷ್ಟ ಉದಾಹರಣೆ ಸಿಗುವುದು ಅಪರೂಪ. 2021ರ ಲೆಕ್ಕದ ವರ್ಷದಲ್ಲಿ ಮಾರಾಟ 116.5 ಕೋಟಿ ಡಾಲರ್, ನಿವ್ವಳ ಲಾಭ 41.5 ಕೋಟಿ. 2023ರಲ್ಲಿ ಮಾರಾಟ 112.1 ಕೋಟಿ, ಲಾಭ 7 ಕೋಟಿ. ಮಾರಾಟ 4% ಕೂಡ ಇಳಿದಿಲ್ಲ, ಲಾಭ ಆರರಲ್ಲಿ ಒಂದು ಪಾಲಿಗೆ ಬಂತು. ಯಾರೂ ಮೋಸ ಮಾಡಿರಲಿಲ್ಲ. ವಿಭಾಗವಾಗಿದ್ದಾಗಿನ ಲೆಕ್ಕ ಮಾತೃಸಂಸ್ಥೆಯ ಖರ್ಚನ್ನು ಪಾಲು ಹಾಕಿ ತೋರಿಸಿದ್ದು. ಬಡ್ಡಿಯೇ ಇರಲಿಲ್ಲ. ಕಂಪ್ಯೂಟರ್ ವ್ಯವಸ್ಥೆ, ಗೋದಾಮು, ಆಡಿಟ್, ದೇಶದೇಶಗಳ ಕಾನೂನು ತಂಡ, ಎಲ್ಲಕ್ಕೂ ದೊಡ್ಡ ಮನೆಯ ಅಡುಗೆಯಲ್ಲೇ ಊಟ ಸಿಗುತ್ತಿತ್ತು.

ಹಾಗಾಗಿ ಹಳೆಯ ಲಾಭದಿಂದ ನಾನು ನಾಲ್ಕನ್ನು ಕಳೆಯುತ್ತೇನೆ: ಪೂರ್ತಿ ವರ್ಷದ ಬಡ್ಡಿ, ಸ್ವತಂತ್ರ ಆಡಳಿತದ ಹೆಚ್ಚುವರಿ ವೆಚ್ಚ, ಮಾತೃಸಂಸ್ಥೆಯಿಂದ ಕೊಳ್ಳುವ ಬಿಡಿಭಾಗಕ್ಕೆ ಈಗ ಕೊಡಬೇಕಾದ ಬೆಲೆ, ಬೇರ್ಪಡೆಯ ವೆಚ್ಚ. ಕೊನೆಯದನ್ನು ಕಂಪನಿಗಳು ‘ಒಮ್ಮೆ ಮಾತ್ರ’ ಎಂದು ಬದಿಗಿಟ್ಟು ಹೊಂದಾಣಿಕೆ ಮಾಡಿದ ಲಾಭ ತೋರಿಸುತ್ತವೆ. ಅದು ಮೂರು ವರ್ಷ ಬಂದರೆ ಒಮ್ಮೆಯದಲ್ಲ. ಹಣ ನಿಜವಾಗಿಯೂ ಹೊರಗೆ ಹೋಗಿರುತ್ತದೆ. ನನ್ನ ಹಾಳೆಯಲ್ಲಿ ಅದಕ್ಕೆ ಮೂರು ವರ್ಷದ ಕಾಲಂ ಇರುತ್ತದೆ.

ಒಪ್ಪಂದಗಳ ಪುಟಗಳಲ್ಲಿ ಎಂಬೆಕ್ಟಾದ ಮಟ್ಟಿಗೆ ಮುಖ್ಯವಾದದ್ದು ಕ್ಯಾನುಲಾ. ಸೂಜಿಯ ಪ್ರಾಣವಾದ ಸಣ್ಣ ಉಕ್ಕಿನ ಕೊಳವೆ ಅದು, 32 ಗೇಜ್ ದಪ್ಪ, 4 ಮಿ.ಮೀ. ಉದ್ದದ್ದು. ಅದನ್ನು ಪೂರೈಸುವುದು ಬಿಡಿಯೇ. ಬೇರೆಡೆಯಿಂದ ತರಿಸುವುದಾದರೆ ತುದಿಯ ಇಳಿಜಾರು, ಸಿಲಿಕೋನ್ ಲೇಪ, ಚುಚ್ಚಲು ಬೇಕಾದ ಬಲ ಎಲ್ಲವನ್ನೂ ಮತ್ತೆ ಪರೀಕ್ಷಿಸಿ ಹಲವು ದೇಶಗಳಲ್ಲಿ ಅನುಮತಿ ಪಡೆಯಬೇಕು. ಚೌಕಾಸಿಗೆ ಜಾಗ ಕಡಿಮೆ. ಬಿಡಿಯ ಹೆಸರು, ಗುರುತು ಬಳಸಲೂ ಅವಧಿ ಉಂಟು; ಅಷ್ಟರೊಳಗೆ ಪ್ರತಿ ಡಬ್ಬಿಯ ಮೇಲಿನ ಹೆಸರು, ಪ್ರತಿ ದೇಶದ ನೋಂದಣಿ ಬದಲಾಗಬೇಕು. ಮತ್ತೆ ಮಾತೃಸಂಸ್ಥೆ ಕೆಲಕಾಲ ಮಾತ್ರ ಒದಗಿಸುವ ಸೇವೆಗಳು: ಬಿಲ್ ಬರೆಯುವುದು, ಸರಕು ರವಾನೆ, ತಂತ್ರಾಂಶ. ಇವು ಮುಗಿದು ಸ್ವಂತ ವ್ಯವಸ್ಥೆಗೆ ಜಿಗಿಯುವ ತ್ರೈಮಾಸಿಕದಲ್ಲಿ ಸಗಟು ವ್ಯಾಪಾರಿಗಳು ಮುಂಚಿತವಾಗಿ ಸರಕು ತುಂಬಿಕೊಳ್ಳುತ್ತಾರೆ. ಆ ತ್ರೈಮಾಸಿಕ ಚೆನ್ನಾಗಿ ಕಾಣುತ್ತದೆ, ಮುಂದಿನದು ಬಿದ್ದಂತೆ ಕಾಣುತ್ತದೆ. ಎರಡನ್ನೂ ಕೂಡಿಸಿ ಓದಬೇಕು.

ಬೇಡಿಕೆಯನ್ನು ರೋಗಿಗಳ ತಲೆ ಎಣಿಸಿ ಅಳೆಯುವುದು ತಪ್ಪು. ವರ್ಷಕ್ಕೆ ಸೂಜಿ ಎಷ್ಟು ಎಂದು ಎಣಿಸಬೇಕು. ದಿನಕ್ಕೆ 4 ಬಾರಿ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ 1,460. ಅವರು ಮೈಗೆ ಕಟ್ಟಿಕೊಳ್ಳುವ ಇನ್ಸುಲಿನ್ ಪಂಪಿಗೆ ಹೋದರೆ ಹೆಚ್ಚುಕಡಿಮೆ ಸೊನ್ನೆ. ದಿನಕ್ಕೊಮ್ಮೆಯ ದೀರ್ಘಾವಧಿ ಇನ್ಸುಲಿನ್ನಿಗೆ 365. ವಾರಕ್ಕೊಮ್ಮೆಯ ಇನ್ಸುಲಿನ್ ಬಂದರೆ 52. ಸಕ್ಕರೆ, ತೂಕ ಎರಡನ್ನೂ ಇಳಿಸುವ ಜಿಎಲ್‌ಪಿ-1 ಬಳಗದ ಸೆಮಾಗ್ಲುಟೈಡ್‌ನಂಥ ಮದ್ದು ಕೂಡ ವಾರಕ್ಕೊಮ್ಮೆ. ಅಮೆರಿಕದಲ್ಲಿ ಸೆಮಾಗ್ಲುಟೈಡ್‌ನ ಓಝೆಂಪಿಕ್ ಡಬ್ಬಿಯಲ್ಲೇ ಸೂಜಿ ಇರುತ್ತದೆ, ಅಂಥದೇ ಮದ್ದಾದ ಮೌಂಜಾರೋ ಸೂಜಿ ಅಡಗಿಸಿದ ಪೆನ್ನಿನಲ್ಲಿ ಬರುತ್ತದೆ. ಆದ್ದರಿಂದ ‘ಜಿಎಲ್‌ಪಿ-1 ಅಲೆ’ ಎಂದ ಕೂಡಲೇ ಸೂಜಿ ಕಂಪನಿಗೆ ಸುಗ್ಗಿ ಎಂದುಕೊಳ್ಳುವಂತಿಲ್ಲ. ಸುಗ್ಗಿ ಏನಾದರೂ ಇದ್ದರೆ ಅದು ಸೂಜಿ ಬೇರೆಯಾಗಿ ಹಾಕಬೇಕಾದ ಜೆನೆರಿಕ್ ಪೆನ್ನುಗಳಲ್ಲಿ. ಬೆಂಗಳೂರಿನ ಬಯೋಕಾನ್ ತಯಾರಿಸುವ ಲಿರಾಗ್ಲುಟೈಡ್ ಎಂಬ ಜಿಎಲ್‌ಪಿ-1 ಮದ್ದು ದಿನಕ್ಕೊಮ್ಮೆಯದು, ಮತ್ತೆ 365ರ ಲೆಕ್ಕ. ನಮ್ಮಲ್ಲಿ ಒಂದೇ ಸೂಜಿಯನ್ನು ಹಲವು ದಿನ ಬಳಸುವವರು ಬಹಳ, ಹಾಗಾಗಿ ಭಾರತದ ಮಧುಮೇಹಿಗಳ ಸಂಖ್ಯೆಯನ್ನು 365ರಿಂದ ಗುಣಿಸಿ ಯಾರಾದರೂ ಮಾರುಕಟ್ಟೆ ತೋರಿಸಿದರೆ ನಕ್ಕು ಪುಟ ತಿರುಗಿಸಿ.

ಇನ್ನೂ ಪೇಟೆಗೆ ಬಾರದ ಉತ್ಪನ್ನಕ್ಕೆ ನಾನು ಬರೆಯುವ ಬೆಲೆ ಶೂನ್ಯ. ಎಂಬೆಕ್ಟಾ 300 ಯೂನಿಟ್ ಇನ್ಸುಲಿನ್ ಹಿಡಿಯುವ, ಮೈಗೆ ಅಂಟಿಸುವ ಪಂಪನ್ನು ವರ್ಷಗಟ್ಟಲೆ ಅಭಿವೃದ್ಧಿಪಡಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿತು. ನವೆಂಬರ್‌ನಲ್ಲಿ ಕಂಪನಿಯೇ ಆ ಯೋಜನೆ ಕೈಬಿಟ್ಟಿತು. ಒಪ್ಪಿಗೆ ಬೇರೆ, ಮಾರಾಟಗಾರರ ಪಡೆ ಕಟ್ಟುವ ಹಣ ಬೇರೆ. ಇಷ್ಟು ಸಾಲವಿರುವ ಕಂಪನಿಗೆ ಎರಡನೆಯದೇ ಕಷ್ಟ. ನನ್ನ ಅಭಿಪ್ರಾಯದಲ್ಲಿ ಅದು ಸರಿಯಾದ ತೀರ್ಮಾನ.

ಕೊಳ್ಳುವ ಹೊತ್ತಿನ ಬಗ್ಗೆ ಇಷ್ಟು. ಮೊದಲ ವಾರಗಳಲ್ಲಿ ಸೂಚ್ಯಂಕ ನಿಧಿಗಳು, ದೊಡ್ಡ ಕಂಪನಿಯನ್ನು ಮಾತ್ರ ಇಟ್ಟುಕೊಳ್ಳುವ ನಿಧಿಗಳು ತಮಗೆ ಬಂದ ಚಿಲ್ಲರೆ ಷೇರನ್ನು ಬೆಲೆ ನೋಡದೆ ಮಾರುತ್ತವೆ. ಆಗ ಅಗ್ಗಕ್ಕೆ ಸಿಗುತ್ತದೆ ಎಂಬುದು ಹಳೆಯ ಸೂತ್ರ. ಬೆಳೆಯುವ ಸರಕು ಇದ್ದಾಗ ಅದು ಫಲಿಸಿದೆ: 2000ದಲ್ಲಿ ಬ್ಯಾಕ್ಸ್‌ಟರ್ ಎಂಬ ವೈದ್ಯಕೀಯ ಕಂಪನಿಯಿಂದ ಹೊರಬಂದ ಎಡ್ವರ್ಡ್ಸ್, ಹೃದಯ ಕವಾಟದ ಬಲದಿಂದ, ಪೇಟೆಯ ಮೌಲ್ಯದಲ್ಲಿ ತಾಯಿಗಿಂತ ದೊಡ್ಡದಾಗಿ ಬೆಳೆಯಿತು. ಸರಕು ನಿಂತ ನೀರಾಗಿದ್ದರೆ ಮೊದಲ ಪೂರ್ತಿ ವರ್ಷದ ವರದಿ ಬರುವವರೆಗೆ ಕಾಯುವುದೇ ಲೇಸು. ಬೇರೆ ಯಾರೋ ಕೊಂಡುಕೊಳ್ಳುತ್ತಾರೆ ಎಂಬ ಆಸೆಯ ಮೇಲೆ ಕೂರುವುದಾದರೆ, ತೆರಿಗೆ ವಿನಾಯಿತಿಯ ಬೇರ್ಪಡೆಯಲ್ಲಿ ಮೊದಲ ಎರಡು ವರ್ಷ ಅದಕ್ಕೆ ಕಟ್ಟುಪಾಡು ಇರುತ್ತದೆ ಎಂದು ತಿಳಿದಿರಬೇಕು.

ಭಾರತದಿಂದ ಕೊಳ್ಳುವವರಿಗೆ ರಿಸರ್ವ್ ಬ್ಯಾಂಕಿನ ಯೋಜನೆಯಡಿ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. ಲಾಭಾಂಶದಲ್ಲಿ (2024ರಲ್ಲಿ ಅದು ಷೇರಿಗೆ ತ್ರೈಮಾಸಿಕಕ್ಕೆ 15 ಸೆಂಟ್ ಇತ್ತು) ಅಮೆರಿಕ 25% ಹಿಡಿದುಕೊಳ್ಳುತ್ತದೆ. ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿ ತುಂಬಲೇಬೇಕು. ಬಿಡಿ ಕಂಪನಿಯ ಷೇರಿನಿಂದ ಎಂಬೆಕ್ಟಾ ಪಡೆದವರು ಕೊಂಡ ಬೆಲೆಯನ್ನು ಎರಡಕ್ಕೂ ಹಂಚಿ ಬರೆದಿಟ್ಟುಕೊಳ್ಳದಿದ್ದರೆ ಮಾರುವ ದಿನ ಆಡಿಟರ್ ಮುಂದೆ ಪೇಚಾಡಬೇಕಾಗುತ್ತದೆ.

ಆ ಲಾಭಾಂಶಕ್ಕೇ ಕಂಪನಿಗೆ ವರ್ಷಕ್ಕೆ ಸುಮಾರು 3.4 ಕೋಟಿ ಡಾಲರ್ ಬೇಕಿತ್ತು. 2024ರ ಲೆಕ್ಕದ ವರ್ಷದಲ್ಲಿ ಬಡ್ಡಿ, ತೆರಿಗೆ, ಸವಕಳಿಗೆ ಮುಂಚಿನ ಹೊಂದಾಣಿಕೆಯ ಗಳಿಕೆ ಸುಮಾರು 35 ಕೋಟಿ. ಅದರಿಂದ ಬಡ್ಡಿಯ 11 ಕೋಟಿ, ತೆರಿಗೆ, ಯಂತ್ರದ ಖರ್ಚು, ಬೇರ್ಪಡೆಯ ಉಳಿಕೆ ಖರ್ಚು, ಲಾಭಾಂಶ ಕಳೆದು ಉಳಿದದ್ದು ಸಾಲ ತೀರಿಸಲು. ಪ್ರತಿ ತ್ರೈಮಾಸಿಕ ವರದಿಯಲ್ಲಿ ನಾನು ಮೊದಲು ನೋಡುವುದು ಮಾರಾಟದ ಸಾಲನ್ನಲ್ಲ, ಅವಧಿ ಸಾಲದ ಅಸಲು ಎಷ್ಟು ಇಳಿಯಿತು ಎಂಬುದನ್ನು. ತೀರಿದ ಪ್ರತಿ 5.7 ಕೋಟಿ ಡಾಲರ್‌ಗೆ ಷೇರಿನ ಬೆನ್ನಿನಿಂದ 1 ಡಾಲರ್ ಭಾರ ಇಳಿಯುತ್ತದೆ.