ಒಂದು ಕಾಲಾಳು ಕೊಟ್ಟು ದಾಳಿ ಕಟ್ಟುವುದು ಹೇಗೆ? ಇವಾನ್ಸ್ ಗ್ಯಾಂಬಿಟ್ ಆಡಿ ನೋಡಿ

ಚೆಸ್ ಬೋರ್ಡ್ ಎದುರಿಗಿಟ್ಟುಕೊಂಡೇ ಇದನ್ನು ಓದಿ. ಕಾಯಿ ನಡೆಸದೆ ಸುಮ್ನೆ ಓದಿದರೆ ತಲೆಗೆ ಹತ್ತುವುದಿಲ್ಲ.

ಮೊದಲ ಮೂರು ನಡೆ ಹೆಚ್ಚಿನವರಿಗೆ ಗೊತ್ತಿರುವಂಥವೇ. ಇ4, ಇ5 (ಬರೀ ಮನೆಯ ಹೆಸರಿದ್ದರೆ ಅದು ಕಾಲಾಳಿನ ನಡೆ; ಮೊದಲು ಬಿಳಿ, ಆಮೇಲೆ ಕಪ್ಪು). ಬಿಳಿ ಕುದುರೆ ಎಫ್3ಕ್ಕೆ, ಕಪ್ಪು ಕುದುರೆ ಸಿ6ಕ್ಕೆ. ಬಿಳಿ ಒಂಟೆ ಸಿ4ಕ್ಕೆ, ಕಪ್ಪು ಒಂಟೆ ಸಿ5ಕ್ಕೆ. ಇಲ್ಲಿಂದ ನಿಧಾನವಾಗಿ ಆಡುವವರೇ ಜಾಸ್ತಿ. ನಾವು ಮಾತ್ರ ನಾಲ್ಕನೇ ನಡೆಗೆ ಬಿ2ರ ಕಾಲಾಳನ್ನು ಬಿ4ಕ್ಕೆ ತಳ್ಳುತ್ತೇವೆ, ನೇರ ಕಪ್ಪು ಒಂಟೆಯ ಬಾಯಿಗೆ! ವೇಲ್ಸ್‌ನ ಹಡಗಿನ ಕ್ಯಾಪ್ಟನ್ ವಿಲಿಯಂ ಡೇವೀಸ್ ಇವಾನ್ಸ್ 1820ರ ದಶಕದಲ್ಲಿ ಕಂಡುಕೊಂಡ ಗ್ಯಾಂಬಿಟ್ ಇದು, ಅಂದರೆ ಲಾಭಕ್ಕಾಗಿ ಆರಂಭದಲ್ಲೇ ಕಾಯಿ ಬಲಿ ಕೊಡುವ ಆಟ.

ಒಂಟೆ ಅದನ್ನು ಹೊಡೆಯಿತು. ಈಗ ಸಿ3 ಆಡಿ. ಒಂಟೆ ಓಡಲೇಬೇಕು, ಎ5ಕ್ಕೆ ಹೋಯಿತು ಅನ್ನೋಣ. ತಕ್ಷಣ ಡಿ4. ಲೆಕ್ಕ ಹಾಕಿ: ಕಪ್ಪು ಒಂಟೆಯೊಂದೇ ಮೂರು ನಡೆ ತಿಂದಿದೆ. ಅಷ್ಟರಲ್ಲಿ ನಡುಮನೆಗಳಲ್ಲಿ ನಮ್ಮ ಎರಡು ಕಾಲಾಳುಗಳು ಅಕ್ಕಪಕ್ಕ ನಿಂತಿವೆ. ನಾವು ಕಾಲಾಳು ಕೊಟ್ಟು ಕೊಂಡದ್ದು ಸಮಯವನ್ನು.

ಇನ್ನು ಎಫ್7 ಮನೆಯನ್ನು ಗಮನವಿಟ್ಟು ನೋಡಿ. ಅದಕ್ಕೆ ಕಾವಲು ರಾಜ ಒಬ್ಬನೇ. ನಮ್ಮ ಸಿ4 ಒಂಟೆಯ ಕಣ್ಣು ಮೊದಲಿಂದಲೂ ಅಲ್ಲೇ ಇದೆ. ಬಿ ಕಾಲಾಳು ಜಾಗ ಬಿಟ್ಟಿರುವುದರಿಂದ ರಾಣಿ ಬಿ3ಕ್ಕೆ ಬಂದು ಒಂಟೆಯ ಬೆನ್ನಿಗೆ ನಿಲ್ಲಬಹುದು. ಇನ್ನೊಂದು ಒಂಟೆಗೆ ಎ3ರ ದಾರಿಯೂ ತೆರೆದಿದೆ. ಅಲ್ಲಿಂದ ಅದು ಎಫ್8 ಮನೆಯನ್ನು ಹಿಡಿದರೆ ಕಪ್ಪು ರಾಜ ಆ ಬದಿಗೆ ಕ್ಯಾಸಲ್ (ರಾಜ ಎರಡು ಮನೆ ಸರಿದು, ಆನೆ ಅವನನ್ನು ದಾಟಿ ಪಕ್ಕಕ್ಕೆ ಬರುವ ನಡೆ) ಮಾಡುವಂತಿಲ್ಲ. ಕಪ್ಪು ಆಟಗಾರ ಡಿ6 ಆಡದೆ ಡಿ4ರ ಕಾಲಾಳನ್ನು ಹೊಡೆದರೆ ನಾವು ಕ್ಯಾಸಲ್ ಮಾಡೋಣ. ಆಸೆ ತಡೆಯದೆ ಸಿ3ರದ್ದನ್ನೂ ಹೊಡೆದರೆ ರಾಣಿ ಬಿ3ಕ್ಕೆ. ಎಫ್7 ಕಾಯಲು ಅವರ ರಾಣಿ ಎಫ್6ಕ್ಕೆ ಬರುತ್ತದೆ. ಇ5 ತಳ್ಳಿ, ಅದು ಜಿ6ಕ್ಕೆ ಸರಿಯುತ್ತದೆ. ಆಗ ಕುದುರೆಯಿಂದ ಸಿ3ರಲ್ಲಿ ಹೊಡೆಯಿರಿ. ಎರಡು ಕಾಲಾಳು ಕಮ್ಮಿ, ನಿಜ. ಆದರೆ ಕಪ್ಪು ರಾಜ ಇನ್ನೂ ನಡುವಲ್ಲೇ ಇದ್ದಾನೆ, ಅವನ ಅರ್ಧ ಸೈನ್ಯ ಎದ್ದೇ ಇಲ್ಲ. ಬಿಳಿ ಕಡೆಯಲ್ಲಿ ಕೂರಲು ನನಗಂತೂ ಇದಕ್ಕಿಂತ ಖುಷಿಯ ಜಾಗ ಇಲ್ಲ.

ಡಿ6 ಆಡುವವರ ಎದುರು ಮಾತ್ರ ಎಚ್ಚರ ಬೇಕು. ನಾವು ಕ್ಯಾಸಲ್ ಮಾಡಿದರೆ ಅವರು ಒಂಟೆಯನ್ನು ಬಿ6ಕ್ಕೆ ತಂದು, ಕಾಲಾಳು ವಾಪಸ್ ಕೊಡಲು ತಯಾರಾಗುತ್ತಾರೆ. ಇದು ಹಿಂದಿನ ವಿಶ್ವ ಚಾಂಪಿಯನ್ ಲಾಸ್ಕರ್ ತೋರಿಸಿದ ದಾರಿ. ಆ ಕಾಲಾಳನ್ನು ತೆಗೆದುಕೊಳ್ಳಲು ಹೋದರೆ ರಾಣಿಗಳು ಬದಲಾಗಿ ದಾಳಿ ಆರಿಹೋಗುತ್ತದೆ. ಹೊಸಬರು ಕ್ಯಾಸಲ್‌ಗೆ ಮೊದಲೇ ರಾಣಿಯನ್ನು ಬಿ3ಕ್ಕೆ ತರುವುದು ಒಳ್ಳೆಯದು. ಕಪ್ಪು ರಾಣಿ ಡಿ7ಕ್ಕೆ ಬಂದು ತನ್ನದೇ ಸಿ8 ಒಂಟೆಗೆ ಅಡ್ಡ ನಿಲ್ಲುತ್ತದೆ.

1995ರಲ್ಲಿ ಲಾಟ್ವಿಯಾದ ರೀಗಾದಲ್ಲಿ ರಷ್ಯಾದ ವಿಶ್ವ ಚಾಂಪಿಯನ್ ಕಾಸ್ಪರೋವ್ ಇದೇ ಗ್ಯಾಂಬಿಟ್ಟನ್ನು ನಮ್ಮ ವಿಶ್ವನಾಥನ್ ಆನಂದ್ ಮೇಲೆ ಆಡಿದರು. ಆನಂದ್ ಒಂಟೆಯನ್ನು ಇ7ಕ್ಕೆ ಸರಿಸಿ, ಕುದುರೆಯಿಂದ ಸಿ4 ಒಂಟೆಯನ್ನು ಕೆಣಕಿದರು. ಕಾಸ್ಪರೋವ್ ಅದನ್ನು ಸದ್ದಿಲ್ಲದೆ ಇ2ಕ್ಕೆ ಇಳಿಸಿ, ರಾಣಿಯನ್ನು ಡಿ4, ಎಚ್4, ಜಿ3 ಅಂತ ಕಪ್ಪು ರಾಜನ ಬದಿಗೆ ದಾಟಿಸಿದರು. 25ನೇ ನಡೆಗೆ ಆಟ ಮುಗಿಯಿತು.